ಗೊತ್ತಿರುವ ಮಟ್ಟಿಗೆ

ಐವತ್ತೊಂದು ವರ್ಷದ, ಗೆಜೆಟೆಡ್ ಅಧಿಕಾರಿಯಾದ, ಆಫೀಸಿನಲ್ಲಿ ಹಂಚಿದ ಪುಟ್ಟ ತ್ರಿವರ್ಣ ಬಿಲ್ಲೆಯನ್ನು ಅಂಗಿಯ ಜೇಬಿಗೆ ಚುಚ್ಚಿಕೊಂಡಿದ್ದ ವೀರಣ್ಣ, ಬೂಟುಗಳೆರಡನ್ನೂ ಕೈಯಲ್ಲಿ ಹಿಡಿದುಕೊಂಡು ತನ್ನ ಬಾಡಿಗೆ ಮನೆಯ ಹೊರಮೆಟ್ಟಿಲುಗಳನ್ನು ಕಳ್ಳನಂತೆ ಇಳಿಯುತ್ತಿದ್ದ. ಪುಲಿಕೇಶಿನಗರದ ಆ ಹಳೆಯ ಮನೆಯ ಮೆಟ್ಟಿಲುಗಳು ಕಲ್ಲಿನವು. ಬೂಟು ಹಾಕಿಕೊಂಡು ಇಳಿದರೆ ಕೆಳಗೆ ಜಗಲಿಯಲ್ಲಿ ಕೂತವರಿಗೆ ಇಳಿಯುತ್ತಿರುವವರು ಯಾರೆಂದು ಸದ್ದಿನಿಂದಲೇ ತಿಳಿಯುತ್ತಿತ್ತು. ಜಗಲಿಯಲ್ಲಿ ಮನೆಯೊಡತಿ ಉಮ್ಮೆ ಕುಲ್ಸುಂ ಕೂತಿರುತ್ತಾಳೆ, ಮೊರದಲ್ಲಿ ಅಕ್ಕಿಯನ್ನೋ ಬೇಳೆಯನ್ನೋ ಇಟ್ಟುಕೊಂಡಿರುತ್ತಾಳೆ, ಕತ್ತೆತ್ತಿ ನಗುತ್ತಾಳೆ, ಹನ್ನೊಂದು ಗಂಟೆಯ ವಿಷಯ ನೆನಪಿಸುತ್ತಾಳೆ. ಹನ್ನೊಂದು ಗಂಟೆಗೆ ಅವನು ಪೊಲೀಸ್ ಠಾಣೆಗೆ ಹೋಗಿ, ಈ ಮುದುಕಿ ಒಳ್ಳೆಯವಳು, ಭಾರತದ ಪ್ರಜೆಯಾಗುವುದಕ್ಕೆ ತಕ್ಕವಳು ಎಂದು ಒಬ್ಬ ಭಾರತೀಯನಾಗಿ ಸಾಕ್ಷಿ ಹೇಳಬೇಕಾಗಿತ್ತು. ಸಾಕ್ಷಿ ಇಬ್ಬರು ಬೇಕು. ಕುಕ್ ಟೌನಿನ ಡಾಕ್ಟರೊಬ್ಬರು ಹೋದ ವಾರವೇ ಹೇಳಿ ಬಂದಿದ್ದರು. ಇನ್ನು ಉಳಿದವನು ಇವನು. ಬೇಸಿಗೆಯ ಆರಂಭದಲ್ಲಿ ಆಕೆ ಕೇಳಿದಾಗ, "ಅದಕ್ಕೇನಾತ್ರಿ ಆಪಾ, ನನ್ನಂಥಾವ ಇರೋದು ಮತ್ಯಾತಕ್ಕ?" ಎಂದು ಎದೆ ಉಬ್ಬಿಸಿ ಒಪ್ಪಿಕೊಂಡಿದ್ದ. ಆಗ ಕಾರ್ಗಿಲ್ ಎಂಬ ಊರೊಂದು ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲ. ಈಗ ದಿನವೂ ಟೀವಿಯಲ್ಲಿ ಶವಪೆಟ್ಟಿಗೆಗಳು ಇಳಿಯುತ್ತಿದ್ದವು. ಅವನ ಎದೆಯ ಉಬ್ಬು ಎಲ್ಲಿಗೆ ಹೋಯಿತೆಂದು ಹುಡುಕಿದರೂ ಸಿಗುತ್ತಿರಲಿಲ್ಲ.

ಕೊನೆಯ ಮೂರು ಮೆಟ್ಟಿಲು ಉಳಿದಿದ್ದವು. ಮೇಲಿನಿಂದ ಹೆಂಡತಿ ಪ್ರೇಮಕ್ಕನ ಧ್ವನಿ ಇಡೀ ಬೀದಿಗೆ ಕೇಳುವಂತೆ ಬಂತು. "ಏನ್ರೀ, ಬೂಟು ಕೈಯಾಗ ಯಾಕ ಹಿಡಕೊಂಡೀರಿ?"

ಉಮ್ಮೆ ಕುಲ್ಸುಂ ಕತ್ತೆತ್ತಿದಳು. "ಕಾಲ್ಗೆ ಏನಾಯ್ತು ವೀರಣ್ಣ ಸಾಬ್?"

"ಉಗುರುಸುತ್ತಾಗೇದ್ರಿ ಆಪಾ," ಎಂದ ವೀರಣ್ಣ. ಸುಳ್ಳು ತಾನಾಗಿಯೇ ಬಾಯಿಗೆ ಬಂದಿತ್ತು, ಅದರ ಚುರುಕಿಗೆ ಅವನಿಗೇ ಆಶ್ಚರ್ಯವಾಯಿತು. ಮುದುಕಿ ಅಯ್ಯಯ್ಯೋ ಎಂದು ಮೊರ ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋಗಿ, ಒಂದು ನಿಂಬೆಹಣ್ಣಿಗೆ ತೂತು ಕೊರೆದು ತಂದಳು. ಬೆರಳನ್ನು ಅದರೊಳಗೆ ಇಟ್ಟು ಸಂಜೆಯವರೆಗೆ ಬಿಡಬೇಕಂತೆ. ಬೂಟಿನೊಳಗೆ ನಿಂಬೆಹಣ್ಣು ಹಿಡಿಸುವುದಿಲ್ಲವೆಂದು ಅವನು ವಾದಿಸಿದ. ಹಾಗಾದರೆ ಆಫೀಸಿನಲ್ಲಿ ಬೂಟು ಬಿಚ್ಚಿ ಇಟ್ಟುಕೊಳ್ಳಿ ಎಂದು ಆಕೆ ಅದನ್ನು ಅವನ ಊಟದ ಚೀಲಕ್ಕೆ ಹಾಕಿದಳು. "ಹನ್ನೊಂದು ಗಂಟೆಗೆ, ಆಂ? ನಾನೂ ಫಹ್ಮಿದಾನೂ ಆಟೋದಲ್ಲಿ ಬರ್ತೀವಿ. ಅವಳು ಸ್ಕೂಲಿಗೆ ರಜಾ ಹಾಕಿದಾಳೆ." ಫಹ್ಮಿದಾ ತೀರಿಹೋದ ತಮ್ಮನ ಮಗಳು, ಆಕೆಗೆ ಇರುವುದು ಅವಳೊಬ್ಬಳೇ. ವೀರಣ್ಣ ತಲೆಯಾಡಿಸಿ, ಸುಳ್ಳಿನ ಮರ್ಯಾದೆ ಉಳಿಸುವುದಕ್ಕಾಗಿ ಗೇಟಿನವರೆಗೆ ಕುಂಟಿದ. ಗೇಟು ದಾಟಿದ ಮೇಲೂ ಆಕೆ ನೋಡುತ್ತಿರಬಹುದೆಂದು ತಿರುವಿನವರೆಗೆ ಕುಂಟಿದ. ಮಾಸ್ಕ್ ರೋಡಿನಲ್ಲಿ ತಾನು ಯಾವ ಕಾಲಿನಲ್ಲಿ ಕುಂಟುತ್ತಿದ್ದೆ ಎಂಬುದೇ ಮರೆತುಹೋಗಿ ಒಂದು ಕ್ಷಣ ನಿಂತುಬಿಟ್ಟ.

ಬಸ್ ಸ್ಟಾಪಿನಲ್ಲಿ ಮೊದಲು ಬಂದದ್ದು ಹಲಸೂರಿನ ಕಡೆಯ ಬಸ್ಸು. ಅದು ಆಫೀಸಿಗೂ ಹೋಗುವುದಿಲ್ಲ, ಠಾಣೆಗೂ ಹೋಗುವುದಿಲ್ಲ. ಆ ಕಾರಣಕ್ಕೇ ಹತ್ತಿ ಕಿಟಕಿಯ ಪಕ್ಕ ಕೂತ. ಆಫೀಸಿನಲ್ಲಿ ನಿಂಗಣ್ಣನಿದ್ದ. ಪಕ್ಕದ ಮೇಜಿನವನು, ಯಾರ ಮನೆಯಲ್ಲಿ ಏನು ಬೇಯುತ್ತದೆಂಬುದು ಅವನಿಗೆ ಗೊತ್ತು. ಸೈನಿಕರಿಗಾಗಿ ರಕ್ತದಾನ ನಡೆದ ದಿನ ವೀರಣ್ಣ ಎಲ್ಲರಿಗಿಂತ ಮೊದಲು ಮಂಚದ ಮೇಲೆ ಮಲಗಿದ್ದ. ಸೂಜಿ ಕಂಡದ್ದೇ ಅವನ ಕಣ್ಣಿಗೆ ಕತ್ತಲೆ ಕವಿದು, ಅರ್ಧ ಬಾಟಲಿಯೂ ತುಂಬುವ ಮೊದಲೇ ಅವನನ್ನು ಎಬ್ಬಿಸಿ ಗ್ಲೂಕೋಸ್ ನೀರು ಕುಡಿಸಿದ್ದರು. ಅವನು ಕೂತು ಬೆವರು ಒರೆಸಿಕೊಳ್ಳುತ್ತಿದ್ದಾಗ ನಿಂಗಣ್ಣ ಬಂದು ಕಿವಿಯಲ್ಲಿ ಕೇಳಿದ್ದ. "ಅಲ್ಲಾ ಗುರು, ನಿಮ್ಮನೆ ಓನರ್ರು ಪಾಕಿಸ್ತಾನದೋಳಂತೆ, ಹೌದಾ?" ವೀರಣ್ಣ ಒಂದು ಗುಟುಕು ನೀರು ಕುಡಿದು ಹೇಳಿದ್ದ, "ಯಾರೋ ಅವರ ಕಡೀ ಮುದುಕಿ ಅದಾಳ್ರಿ. ನಮಗ ಅಷ್ಟು ಬಳಕಿಲ್ಲ." ಬಳಕೆಯಿಲ್ಲ. ಆ ಮಧ್ಯಾಹ್ನ ಡಬ್ಬಿ ತೆರೆದಾಗ ರೊಟ್ಟಿಯ ಪಕ್ಕದಲ್ಲಿದ್ದ ಮಾವಿನ ಉಪ್ಪಿನಕಾಯಿ ಆಕೆ ಹಾಕಿದ್ದು. ತನ್ನ ಅಡುಗೆಮನೆಯ ಚಮಚ ತಾಗಿಸದೆ, ಹೊಸ ಭರಣಿಯಲ್ಲಿ, ಲಿಂಗವಂತರ ಮನೆಗೆಂದೇ ಬೇರೆಯಾಗಿ ಹಾಕಿದ್ದು. ವೀರಣ್ಣ ಅದನ್ನು ಚಪ್ಪರಿಸಿಕೊಂಡು ತಿಂದಿದ್ದ. ಬಳಕೆಯಿಲ್ಲದವರ ಉಪ್ಪಿನಕಾಯಿಯಲ್ಲಿ ಉಪ್ಪು ಒಂದು ಹರಳು ಹೆಚ್ಚಾಗಿದೆ ಎಂದು ಮನಸ್ಸಿನಲ್ಲೇ ಟೀಕೆಯನ್ನೂ ಮಾಡಿದ್ದ.

ಹಲಸೂರು ಕೆರೆಯ ಕಟ್ಟೆಯ ಮೇಲೆ ಕೂತಾಗ ಅವನಿಗೆ ತಾನು ಯೋಚಿಸುತ್ತಿರುವುದು ದೇಶದ ಬಗ್ಗೆ ಎಂಬ ಭ್ರಮೆ ಬಂತು. ಆಕೆ ಹುಟ್ಟಿದ್ದು ಅವನು ಬಾಡಿಗೆಗಿರುವ ಅದೇ ಮನೆಯ ಹಿಂಭಾಗದ ಕೋಣೆಯಲ್ಲಿ. ಹತ್ತೊಂಬತ್ತಕ್ಕೆ ಮದುವೆಯಾಗಿ ಕರಾಚಿಗೆ ಹೋದಳು. ಗಂಡ ಬೇಗ ಸತ್ತ. ಆ ದೇಶದ ಪಾಸ್‌ಪೋರ್ಟು ಹಿಡಿದು ತಮ್ಮನ ಮನೆಗೆ, ಅಂದರೆ ತಾನು ಹುಟ್ಟಿದ ಮನೆಗೆ, ವಾಪಸು ಬಂದಳು. ಅಂದಿನಿಂದ ನಲವತ್ತು ವರ್ಷ, ವರ್ಷಕ್ಕೊಮ್ಮೆ ಪೊಲೀಸರ ಎದುರು ನಿಂತು, ಇನ್ನೊಂದು ವರ್ಷ ಇಲ್ಲಿರಲು ಅಪ್ಪಣೆ ಕೊಡಿ ಎಂದು ಕೇಳುತ್ತ ಬಂದಿದ್ದಾಳೆ. ಇಷ್ಟೇ ಆಕೆಯ ಕಥೆ. ಇನ್ನು ಅವನದು? ಕೆರೆಯ ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು, ಕಲ್ಲಿನ ಮೇಲೆ ಬಟ್ಟೆ ಬಿದ್ದ ಮೇಲೆ ಸದ್ದು ತಡವಾಗಿ ಬರುತ್ತಿತ್ತು. ಲಿಂಗಸುಗೂರು ತಾಲ್ಲೂಕಿನ ತನ್ನ ಊರಿನಲ್ಲಿ ಅವ್ವ ರೊಟ್ಟಿ ಬಡಿಯುತ್ತ ಹೇಳುತ್ತಿದ್ದಳು, "ನೀ ಹುಟ್ಟಿದ್ದು ದೀಪಾವಳಿಗೆ. ಆದ್ರ ದೀಪಾ ಹಚ್ಚಿರಲಿಲ್ಲ. ಬೆಳಕು ಕಂಡ್ರ ರಜಾಕಾರರು ಬರ್ತಾರಂತ ಊರಿಗೂರೇ ಕತ್ತಲಿತ್ತು." ನಲವತ್ತೇಳರ ದೀಪಾವಳಿ. ದೇಶ ಸ್ವತಂತ್ರವಾಗಿ ಮೂರು ತಿಂಗಳಾಗುತ್ತ ಬಂದಾಗ, ನಿಜಾಮರ ರಾಜ್ಯದಲ್ಲಿ, ಅಂದರೆ ಆ ದೇಶದ ಹೊರಗೆ, ಅವನು ಹುಟ್ಟಿದ್ದ. ಮರುವರ್ಷ ಸೈನ್ಯ ಬಂದಾಗ ತೊಟ್ಟಿಲಲ್ಲಿ ಮಲಗಿದ್ದ. ಅವನು ಇಂಡಿಯಾಕ್ಕೆ ಹೋಗಲಿಲ್ಲ, ಇಂಡಿಯಾವೇ ಅವನ ತೊಟ್ಟಿಲ ಬಳಿಗೆ ಬಂತು. ಎಚ್ಚರವಾದಾಗ ಭಾರತೀಯನಾಗಿದ್ದ, ಪ್ರಾಯಶಃ ಬಟ್ಟೆಯೂ ಒದ್ದೆಯಾಗಿತ್ತು. ಅಷ್ಟಕ್ಕೇ ಪ್ರತಿ ಆಗಸ್ಟ್ ಹದಿನೈದಕ್ಕೆ ಆಫೀಸಿನ ಕಾಂಪೌಂಡಿನಲ್ಲಿ ನಿಂತು 'ನಾವು ಗಳಿಸಿದ ಸ್ವಾತಂತ್ರ್ಯ' ಎಂದು ಭಾಷಣ ಬಿಗಿಯುತ್ತಿದ್ದ! ನಾವು. ಒಮ್ಮೆ ಅವನು 'ನಾವು' ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದ್ದು ನೆನಪಾಯಿತು. ಈಗ ಆ ಕೆಮ್ಮಿನ ಅರ್ಥ ಹೊಳೆದಂತಾಗಿ ಕಿವಿ ಬಿಸಿಯಾಯಿತು.

ಹೋಗದೆ ಇದ್ದುಬಿಟ್ಟರೆ? ತಲೆಸುತ್ತು ಬಂತೆನ್ನಬಹುದು, ರಕ್ತ ಕೊಟ್ಟವನು. ಆದರೆ ಸಂಜೆ ಪ್ರೇಮಕ್ಕ ಕೇಳುತ್ತಾಳೆ. ನಿನ್ನೆ ಅವನು ಗೊಣಗಿದಾಗ ಅವಳು ಹಿಟ್ಟಿನ ಕೈ ಕೊಡವಿ, "ನಿಮಗ ಟೈಫಾಯ್ಡ್ ಆದಾಗ ಗಂಜಿ ಕಾಸಿ ಕೊಟ್ಟಾಕಿ ಯಾವ ದೇಶದಾಕಿ ಅಂತ ಕೇಳಿದ್ರೇನು ನೀವು? ಗಟಗಟ ಕುಡದ್ರಿ!" ಎಂದಿದ್ದಳು. ಪೊಲೀಸರ ಭಯ, ನಿಂಗಣ್ಣನ ಭಯ, ಹೆಂಡತಿಯ ಭಯ, ಮೂರನ್ನೂ ಕೆರೆಯ ಕಟ್ಟೆಯ ಮೇಲೆ ಕೂತು ತೂಗಿ ನೋಡಿದ. ಹೆಂಡತಿಯದು ತೂಕ ಹೆಚ್ಚಾಯಿತು. ಹೀಗೆ ಅವನು ನ್ಯಾಯದ ಕಡೆ ನಡೆದ.

ಠಾಣೆಗೆ ಬಂದಾಗ ಹನ್ನೆರಡಾಗುತ್ತಿತ್ತು. ಗೋಡೆಯ ಪಕ್ಕದ ಬೆಂಚಿನ ಮೇಲೆ ಉಮ್ಮೆ ಕುಲ್ಸುಂ ಕೂತಿದ್ದಳು, ಮದುವೆಗೆ ಉಡುವಂಥ ಸೀರೆ, ಕೈಯಲ್ಲಿ ಕರವಸ್ತ್ರ. ಫಹ್ಮಿದಾ ಅವನನ್ನು ನೋಡಿ ಗಡಿಯಾರ ನೋಡಿದಳು. ಮುದುಕಿ ಮಾತ್ರ ಅವನ ಕಾಲು ನೋಡಿದಳು, ಅವನು ಕುಂಟುವುದನ್ನು ಮರೆತಿದ್ದ. ಸಬ್ ಇನ್‌ಸ್ಪೆಕ್ಟರ್ ಬೈಲಪ್ಪ ದೊಡ್ಡನೆಕ್ಕುಂದಿಯ ಕಡೆಯವನು, ನಲವತ್ತರ ಆಸುಪಾಸಿನ ದಪ್ಪ ಮೀಸೆಯ ಆಸಾಮಿ. ಕುರ್ಚಿ ತೋರಿಸಿ ನೇರ ವಿಷಯಕ್ಕೆ ಬಂದ.

"ಈಯಮ್ಮನ್ನ ಎಷ್ಟು ವರ್ಷದಿಂದ ನೋಡಿದೀರಾ ಸಾರ್?"

"ಹದಿನಾಲ್ಕು ವರ್ಷ ಆತ್ರಿ."

"ಹೆಂಗೆ, ನಡತೆ ಗಿಡತೆ?"

ಆಗಲೇ ಅದು ಅವನ ಬಾಯಿಂದ ಬಂದದ್ದು. ಇಪ್ಪತ್ತೆಂಟು ವರ್ಷ ಸರ್ಕಾರಿ ಟಿಪ್ಪಣಿ ಬರೆದ ಕೈ ಅವನದು, ಯಾವ ವಾಕ್ಯಕ್ಕೂ ಹಿಂದೊಂದು ಕಿಟಕಿ ತೆರೆದಿಟ್ಟು ಅಭ್ಯಾಸ. "ನನಗ ಗೊತ್ತಿರೋ ಮಟ್ಟಿಗೆ ಒಳ್ಳೇರು."

"ಈ ದೇಶದ ವಿರುದ್ಧ ಮಾತು, ಅಲ್ಲಿಯೋರ ಜತೆ ಸಂಪರ್ಕ, ಆ ಥರ?"

"ನನಗ ಗೊತ್ತಿರೋ ಮಟ್ಟಿಗೆ ಇಲ್ರಿ."

"ಇಲ್ಲಿ ಪ್ರಜೆಯಾಗೋಕೆ ಯೋಗ್ಯರು ಅಂತೀರಾ?"

"ನನಗ ಗೊತ್ತಿರೋ ಮಟ್ಟಿಗೆ..." ಎಂದು ಅವನು ಮೂರನೆಯ ಸಲ ಹೇಳುವಾಗ ಬೆಂಚಿನ ಮೇಲೆ ಕರವಸ್ತ್ರವನ್ನು ಮಡಚಿ ಬಿಚ್ಚುತ್ತಿದ್ದ ಬೆರಳುಗಳು ನಿಂತವು. ವೀರಣ್ಣ ಆ ಕಡೆ ನೋಡಲಿಲ್ಲ. ನೋಡದೆಯೇ ಕಂಡಿತು.

ಬೈಲಪ್ಪ ಬರೆಯುತ್ತ ಕೇಳಿದ, "ನೀವು ಯಾವ ಕಡೆಯೋರು ಸಾರ್? ಹುಟ್ಟಿದ್ದು?"

"ರಾಯಚೂರು ಜಿಲ್ಲಾ. ನಲವತ್ತೇಳು, ದೀಪಾವಳಿ." ಶಾಲೆಯ ದಾಖಲೆಯ ಜೂನ್ ಒಂದನ್ನು ಹೇಳಬೇಕಾಗಿತ್ತು. ಗಾಬರಿಯಲ್ಲಿ ನಿಜ ಹೇಳಿಬಿಟ್ಟಿದ್ದ.

ಬೈಲಪ್ಪನ ಪೆನ್ನು ನಿಂತಿತು. "ಅಲ್ಲಾ ಸಾರ್, ಆಗ ನಿಮ್ದು ನಿಜಾಮರದ್ದಲ್ವಾ? ಪರೀಕ್ಷೆಗೆ ಓದಿದ್ದು ಇನ್ನೂ ನೆನಪೈತೆ ನಂಗೆ. ಹಂಗಾದ್ರೆ ನೀವೂ ಫಾರಿನ್ನೇ!" ಬಾಗಿಲಲ್ಲಿ ನಿಂತ ಪೇದೆ ನಕ್ಕ. ಬೈಲಪ್ಪನಿಗೆ ಹುರುಪು ಬಂತು. "ನಮ್ಮ ತಾತ ಊರಿಂದ ಕಂಟೋನ್ಮೆಂಟಿಗೆ ತರಕಾರಿ ತಂದ್ರೆ ಗಡೀಲಿ ಸುಂಕ ಕಟ್ಬೇಕಿತ್ತಂತೆ. ಆ ಕಡೆ ಮಹಾರಾಜರು, ಈ ಕಡೆ ಇಂಗ್ಲಿಷ್ನೋರು. ಈಯಮ್ಮ ಹುಟ್ಟಿರೋದು ಇಂಗ್ಲಿಷ್ನೋರ ಬೀದೀಲಿ. ನೋಡಿ, ಈ ರೂಮಲ್ಲಿ ಯಾರ್ದೂ ಸರಿಯಾಗಿಲ್ಲ."

ಉಮ್ಮೆ ಕುಲ್ಸುಂ ಸೆರಗು ಬಾಯಿಗೆ ಹಿಡಿದು ನಕ್ಕಳು. ನಗದೆ ಕೂತವನು ವೀರಣ್ಣನೊಬ್ಬನೇ. "ಐವತ್ತರಾಗ ಸಂವಿಧಾನ ಬಂದ ಮ್ಯಾಲೆ ನಾವು ಕಾನೂನು ಪ್ರಕಾರ..." ಎಂದು ಶುರುಮಾಡಿದ. ಬೈಲಪ್ಪ, "ಗೊತ್ತು ಸಾರ್, ತಮಾಷೆಗಂದೆ" ಎಂದು ಮುದುಕಿಯ ಕಡೆ ತಿರುಗಿದ. "ಅಮ್ಮಾ, ನೀವು ಅಲ್ಲಿಗೆ ಯಾಕೆ ಹೋದ್ರಿ ಹೇಳಿ, ಅದನ್ನೂ ಬರೀಬೇಕು."

"ಮದುವೆ ಆಯ್ತಲ್ಲಪ್ಪಾ," ಎಂದಳು ಆಕೆ. "ಗಂಡನ ಮನೆಗೆ ಹೋದೆ. ಅದು ಬೇರೆ ದೇಶ ಅಂತ ನಂಗೆ ಯಾರೂ ಹೇಳ್ಲಿಲ್ಲ. ಹಡಗಿನಲ್ಲಿ ಎಲ್ರೂ ವಾಂತಿ ಮಾಡ್ತಿದ್ರು, ಯಾರನ್ನ ಕೇಳೋದು?"

ಬರೆದದ್ದನ್ನು ಬೈಲಪ್ಪ ಮುಂದೆ ತಳ್ಳಿದ. ಪರರ ಟಿಪ್ಪಣಿಯಲ್ಲಿ ಒಂದು ಅಲ್ಪವಿರಾಮವನ್ನೂ ಬಿಡದೆ ತಿದ್ದುವ ವೀರಣ್ಣ ಒಂದಕ್ಷರವನ್ನೂ ಓದದೆ ಸಹಿ ಹಾಕಿ ಎದ್ದ.

ವಾಪಸು ಮೂವರೂ ಒಂದೇ ಆಟೋದಲ್ಲಿ ಬಂದರು. ಫಹ್ಮಿದಾ ನಡುವೆ ಕೂತಿದ್ದಳು. ಗೇಟಿನಲ್ಲಿ ಇಳಿದಾಗ ಮುದುಕಿ ಅವನ ತೋಳು ಹಿಡಿದು ಇಳಿದಳು, ಹಿಡಿದ ತೋಳು ಬಿಡದೆ ಕೇಳಿದಳು. ಕೋಪವಿರಲಿಲ್ಲ, ಗೊತ್ತಿಲ್ಲದ ದಾರಿ ಕೇಳುವವರ ಧ್ವನಿ. "ವೀರಣ್ಣ ಸಾಬ್, ಹದಿನಾಲ್ಕು ವರ್ಷದಲ್ಲಿ ನಾನು ನಿಮಗೆ ಎಷ್ಟು ಮಟ್ಟಿಗೆ ಗೊತ್ತು?"

ಉತ್ತರ ಬಂದದ್ದು ಆಮೇಲೆ, ಮಧ್ಯಾಹ್ನದ ಊಟದ ಎದುರು, ಕೈ ತಟ್ಟೆಯಲ್ಲಿದ್ದಾಗ. ಆಕೆ ಕ್ರಿಕೆಟ್ ನೋಡುವುದಿಲ್ಲ. ಯಾವ ಕಡೆಯ ಹುಡುಗ ಔಟಾದರೂ ಪಾಪ ಎನ್ನಿಸಿ ಬೀಪಿ ಏರುತ್ತದೆಂದು ಡಾಕ್ಟರೇ ಬೇಡವೆಂದಿದ್ದರು. ಮಕ್ಕಳಿಲ್ಲ, ಆದರೂ ಆಕೆಯ ಪೆಟ್ಟಿಗೆಯಲ್ಲಿ ಯಾರಿಗೋ ಹೆಣೆದ ಒಂದು ಉಣ್ಣೆಯ ಟೋಪಿ ಇದೆ, ಪ್ರೇಮಕ್ಕ ನೋಡಿದ್ದಾಳೆ. ಕರಾಚಿಯ ಬಗ್ಗೆ ಆಕೆ ಅವನಿಗೆ ಹೇಳಿದ್ದು ಒಂದೇ ಒಂದು ಮಾತು, ಅಲ್ಲಿ ನೀರು ಉಪ್ಪು, ಬೇಳೆ ಬೇಯುತ್ತಿರಲಿಲ್ಲ. ಅವನ ಅವ್ವ ಇದೇ ಮನೆಯಲ್ಲಿ ಸತ್ತಾಗ ಸ್ವಾಮಿಗಳು ಬರುವವರೆಗೆ ಹೆಣದ ತಲೆದೆಸೆಯಲ್ಲಿ ಕೂತಿದ್ದವಳು ಈಕೆ. ಅವ್ವ ಕೊನೆಯ ದಿನಗಳಲ್ಲಿ ಕನ್ನಡ ಮರೆತವಳಂತೆ ತನ್ನ ಬಾಲ್ಯದ ಬಾಜಾರಿನ ಉರ್ದುವಿನಲ್ಲಿ ಏನೇನೋ ಕೇಳುತ್ತಿದ್ದಳು, ಅದು ಮಗನಿಗೆ ಅರ್ಥವಾಗುತ್ತಿರಲಿಲ್ಲ, ಈಕೆಗೆ ಆಗುತ್ತಿತ್ತು. ಅವ್ವನ ಕೊನೆಯ ಮಾತು ಏನೆಂದು ಗೊತ್ತಿರುವುದು ಈಕೆಗೆ ಮಾತ್ರ. ಅದನ್ನು ಅವನು ಇನ್ನೂ ಕೇಳಿಯೇ ಇಲ್ಲ. ಯಾಕೆ ಕೇಳಿಲ್ಲ? ಕೇಳಿದರೆ ಅವ್ವ ಯಾರವಳೆಂದು ಗೊತ್ತಾಗಿಬಿಡುತ್ತದೆಂದೋ? "ಅನ್ನ ಆರಿತು, ಉಣ್ರಿ," ಎಂದಳು ಪ್ರೇಮಕ್ಕ. ಅವನು ಉಂಡ.

ಮರುದಿನ ಬೆಳಗ್ಗೆ ವೀರಣ್ಣ ಬೂಟಿನ ಸದ್ದು ಮಾಡಿಕೊಂಡೇ ಇಳಿದು ನೇರ ಠಾಣೆಗೆ ಹೋದ. ದಾರಿಯುದ್ದಕ್ಕೂ ಗ್ರಾಂಥಿಕ ಕನ್ನಡದಲ್ಲಿ ಮಾತು ಜೋಡಿಸಿಕೊಂಡಿದ್ದ: ನಿನ್ನೆ ನಾನು ಬಳಸಿದ ಪದಗಳನ್ನು ಹಿಂತೆಗೆದುಕೊಳ್ಳುತ್ತೇನೆ, ಆಕೆಯನ್ನು ನಾನು ಸಂಪೂರ್ಣವಾಗಿ ಬಲ್ಲೆ, ಇದರಿಂದ ನನಗೆ ಏನೇ ತೊಂದರೆಯಾದರೂ ಸರಿ. 'ಏನೇ ತೊಂದರೆಯಾದರೂ' ಎಂಬಲ್ಲಿ ಧ್ವನಿ ಸ್ವಲ್ಪ ನಡುಗಿದರೆ ಚೆನ್ನ ಎಂದೂ ಅನ್ನಿಸಿತ್ತು. ಬೈಲಪ್ಪ ಇಡ್ಲಿ ತಿನ್ನುತ್ತಿದ್ದ. ಪೂರ್ತಿ ಕೇಳಿಸಿಕೊಂಡು, ಕೈ ತೊಳೆದು, ಕಾಗದ ತೆಗೆದು ತೋರಿಸಿದ.

"ಯಾವ ಮಟ್ಟಿಗೆ ಸಾರ್? ನಾನು ಅದನ್ನ ಬರ್ಕೊಂಡೇ ಇಲ್ಲ. ಅಂಥದ್ದೆಲ್ಲ ಬರೆದ್ರೆ ಮೇಲಿನೋರು ವಾಪಸ್ ಎಸೀತಾರೆ, ಪಾಪ ಆ ಮುದುಕಿ ಮತ್ತೆ ಅಲೀಬೇಕು. 'ಚೆನ್ನಾಗಿ ಬಲ್ಲೆ' ಅಂತ ಬರೆದಿದೀನಿ. ನೀವು ಓದ್ದೆ ಸೈನ್ ಮಾಡಿದ್ರಲ್ಲ?"

ಕೆಳಗೆ ತನ್ನದೇ ಸಹಿ ಇತ್ತು, ಕೊಕ್ಕೆಯ ಸಮೇತ. ತನ್ನ ಹೇಡಿತನ ನಿನ್ನೆಯೇ ಲೆಕ್ಕಕ್ಕೆ ಬಂದಿರಲಿಲ್ಲ, ತನ್ನ ಧೈರ್ಯ ಇವತ್ತು ಯಾರಿಗೂ ಬೇಕಾಗಿರಲಿಲ್ಲ. ಆದರೂ ಏನಾದರೂ ಉಳಿಯಲೆಂದು, 'ಚೆನ್ನಾಗಿ' ಎಂಬುದಕ್ಕೆ ಮೊದಲು 'ಬಹಳ' ಸೇರಿಸಲಾದೀತೇ ಎಂದು ಕೇಳಿದ. "ಜಾಗ ಇಲ್ಲ ಸಾರ್," ಎಂದ ಬೈಲಪ್ಪ, "ಇಡ್ಲಿ ತಿಂತೀರಾ?"

ಮನೆಗೆ ಬಂದು ಜಗಲಿಯ ಮುಂದೆ ನಿಂತು ಅದನ್ನೇ ಹೇಳಿದ. "ಆಪಾ, ಸಾಹೇಬ್ರು ಅದನ್ನ ಬರದಿಲ್ಲಂತ. ಛಲೋನೇ ಬರದಾರ."

ಆಕೆ ಬೇಳೆಯಲ್ಲಿ ಒಂದು ಕಲ್ಲು ಹುಡುಕಿ ತೆಗೆದು ಅಂಗಳಕ್ಕೆಸೆದಳು. "ಅವರು ಬರೆದಿಲ್ಲ ವೀರಣ್ಣ ಸಾಬ್. ನೀವು ಹೇಳಿದ್ರಲ್ಲ." ಅಷ್ಟೇ. ಸಂಜೆ ಎಂದಿನಂತೆ ಮೇಲೆ ಉಪ್ಪಿನಕಾಯಿ ಬಂತು. ಬರದಿದ್ದರೆ ಚೆನ್ನಾಗಿತ್ತು ಎಂದುಕೊಂಡು ಎರಡು ಹೋಳು ಹಾಕಿಸಿಕೊಂಡ.

ಯುದ್ಧ ಮುಗಿಯಿತು. ಕಾಗದ ದಿಲ್ಲಿಗೆ ಹೋಯಿತು, ಬಂತು, ಮತ್ತೆ ಹೋಯಿತು. ಎರಡು ಮಳೆಗಾಲ ಕಳೆದ ಮೇಲೆ ಒಂದು ದಿನ ಡಿಸಿ ಕಚೇರಿಗೆ ಬಂದು ಪ್ರಮಾಣವಚನ ತೆಗೆದುಕೊಳ್ಳಿ ಎಂದು ಕರೆ ಬಂತು. ಫಹ್ಮಿದಾಗೆ ಶಾಲೆಯಲ್ಲಿ ಪರೀಕ್ಷೆಯ ದಿನ. "ಆಟೋ ಹತ್ತಿಸಿ ಇಳಿಸೋಕೆ ಒಬ್ಬರು ಬೇಕು," ಎಂದು ಮುದುಕಿ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದಳು. ವೀರಣ್ಣ ಆಫೀಸಿಗೆ ರಜೆ ಹಾಕಿದ. ನಿಂಗಣ್ಣ ಫೋನಿನಲ್ಲಿ ಯಾಕೆಂದು ಕೇಳಿದಾಗ, "ನಮ್ಮ ಓನರಮ್ಮಾರು ಇಂಡಿಯನ್ ಆಗ್ಲಿಕತ್ತಾರ, ಕರಕೊಂಡು ಹೊಂಟೀನಿ," ಎಂದ. ಹೇಳಿ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದ. ನಿಂಗಣ್ಣ, "ಓ, ಸರಿ ಸರಿ, ಆ ಕೀಲಿ ಎಲ್ಲಿಟ್ಟಿದೀರಾ ಹೇಳಿ," ಎಂದ.

ಅಧಿಕಾರಿಣಿ ಎಳೆಯ ವಯಸ್ಸಿನವಳು, ಅಂದಿನ ಹತ್ತು ಕೆಲಸಗಳಲ್ಲಿ ಇದೂ ಒಂದು ಎಂಬಂತೆ ಎದ್ದು ನಿಂತಳು. ಪ್ರಮಾಣವನ್ನು ಯಾವ ಭಾಷೆಯಲ್ಲಿ ಹೇಳುತ್ತೀರಿ ಎಂದು ಕೇಳಿದಳು. ಕನ್ನಡ, ಎಂದಳು ಉಮ್ಮೆ ಕುಲ್ಸುಂ. ಕನ್ನಡ ಅಕ್ಷರ ಆಕೆಗೆ ಬರುವುದಿಲ್ಲ. ಫಹ್ಮಿದಾ ಕನ್ನಡದ ಮಾತುಗಳನ್ನು ಉರ್ದು ಅಕ್ಷರಗಳಲ್ಲಿ ದಪ್ಪಗೆ ಬರೆದುಕೊಟ್ಟಿದ್ದಳು. ವೀರಣ್ಣ ಪಕ್ಕದಲ್ಲಿ ನಿಂತು ಆ ಹಾಳೆಯನ್ನು ನೋಡಿದ. ಅಪ್ಪ ನೆನಪಾದ. ನಿಜಾಮರ ಶಾಲೆಯಲ್ಲಿ ಓದಿದ ಅಪ್ಪನಿಗೂ ಕನ್ನಡ ಅಕ್ಷರ ಬರುತ್ತಿರಲಿಲ್ಲ. ವಚನಗಳನ್ನು ಹೀಗೇ ಬಲದಿಂದ ಎಡಕ್ಕೆ, ಈ ಬಳ್ಳಿಯಂಥ ಅಕ್ಷರದಲ್ಲಿ ಬರೆದುಕೊಂಡು ಬೆಳಗಿನ ಪೂಜೆಯಲ್ಲಿ ಓದುತ್ತಿದ್ದ. ಆ ಹಾಳೆಗಳನ್ನು ಬೆಂಗಳೂರಿಗೆ ಬರುವಾಗ ಅಟ್ಟದ ಮೇಲೆ ಬಿಟ್ಟು ಬಂದವನು ತಾನು, ಯಾರಾದರೂ ನೋಡಿದರೆ ಏನೆಂದುಕೊಳ್ಳುತ್ತಾರೋ ಎಂದು. ಮುದುಕಿ ಕನ್ನಡಕ ಸರಿಮಾಡಿಕೊಂಡು ಓದತೊಡಗಿದಳು. "ಉಮ್ಮೆ ಕುಲ್ಸುಂ ಆದ ನಾನು, ಭಾರತದ ಸಂವಿಧಾನಕ್ಕೆ ನಿಜವಾದ ಶ್ರದ್ಧೆ ಮತ್ತು ನಿಷ್ಠೆ..." ಐವತ್ತಮೂರು ವರ್ಷಗಳಲ್ಲಿ ಈ ಮಾತನ್ನು ನೀವೊಬ್ಬರೇ ನಿಂತು ಹೇಳಿ ಎಂದು ವೀರಣ್ಣನನ್ನು ಯಾರೂ ಕೇಳಿರಲಿಲ್ಲ. ನೌಕರಿಗೆ ಸೇರುವಾಗ ಎಲ್ಲರ ಜೊತೆ ಏನೋ ಗೊಣಗಿದ್ದಿರಬೇಕು, ನೆನಪಿಲ್ಲ. ತನಗೆ ತಿಳಿಯದಂತೆ ತುಟಿ ಅಲ್ಲಾಡಿತು, ತುಟಿಯ ಹಿಂದೆಯೇ ಧ್ವನಿ ಹೊರಟಿತು, ಸಣ್ಣದಾಗಿ, ಆಕೆಯ ಧ್ವನಿಯ ಬಾಲ ಹಿಡಿದುಕೊಂಡು. 'ನಿಷ್ಠೆ' ಎಂಬಲ್ಲಿ ಇಬ್ಬರ ಧ್ವನಿಯೂ ಒಂದನ್ನೊಂದು ಎಡವಿ, ಮುದುಕಿಗೆ ಸಾಲು ತಪ್ಪಿಹೋಯಿತು.

ಅಧಿಕಾರಿಣಿ ಕತ್ತೆತ್ತಿದಳು. "ಸಾರ್, ನೀವು ಹೇಳೋದು ಬೇಡ. ನಿಮಗಲ್ಲ ಇದು. ಅಮ್ಮಾ, ಮತ್ತೆ ಮೊದಲಿಂದ ಹೇಳ್ಬೇಕಾಗತ್ತೆ."

ಉಮ್ಮೆ ಕುಲ್ಸುಂ ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು. ಹದಿನಾರು ವರ್ಷಗಳಲ್ಲಿ ಆಕೆ ಅವನ ಮೇಲೆ ರೇಗಿದ್ದು ಅದೇ ಮೊದಲು.

"ಸುಮ್ನಿರಿ ವೀರಣ್ಣ ಸಾಬ್," ಎಂದಳು. "ಇದು ನಂದು."

ವೀರಣ್ಣ ಒಂದು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿ, ಬಾಯಿ ಬಿಗಿದು ನಿಂತ. ಆಕೆ ತನ್ನ ಹೆಸರಿನಿಂದ ಮತ್ತೆ ಶುರುಮಾಡಿದಳು.